ಆರುನೂರನೆಯ ದಿಂಬು

ಫಕೀರಪ್ಪ ಮಾಸ್ತರು ಕಟ್ಟಿದ ಆ ನಲವತ್ತು ಸೆಕೆಂಡಿನ ರಾಗ ಗೊತ್ತಿಲ್ಲದವರು ಇಡೀ ಹುಬ್ಬಳ್ಳಿಯಲ್ಲಿ ಇಬ್ಬರೇ ಇಬ್ಬರು. ಒಬ್ಬರು ಹುಟ್ಟು ಕಿವುಡರು. ಇನ್ನೊಬ್ಬರು ನಾದಮಂಟಪದ ಅಧ್ಯಕ್ಷರಾದ ವಾಮನರಾವ್ ಜಮಖಂಡಿಯವರು. ಕಿವುಡರು ಸಹ ಅದಕ್ಕೆ ತಲೆದೂಗುತ್ತಿದ್ದರೆಂದು ಕಣ್ಣಾರೆ ಕಂಡವರು ಹೇಳುತ್ತಾರೆ. ಆ ಲೆಕ್ಕದಲ್ಲಿ ಉಳಿದವರು ಒಬ್ಬರೇ.

ರಾಗ ಬಂದದ್ದು ಒಂದು ವಿಡಿಯೊ ಗೇಮಿನಿಂದ. 'ಕೋಟೆ ಕಾವಲು' ಅಂತ ಅದರ ಹೆಸರು. ಆಡುವವನು ಕೋಟೆ ಗೋಡೆಯ ಮೇಲೆ ನಿಂತ ಕಾವಲುಗಾರ. ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಅದರಲ್ಲಿ ಏನೂ ಆಗುವುದಿಲ್ಲ, ಬಾಗಿಲು ತೆರೆಯುವುದನ್ನು ಕಾಯುತ್ತ ನಿಲ್ಲಬೇಕು. ಆ ಕಾಯುವ ಹೊತ್ತಿಗೆ ಈ ರಾಗ. ನಲವತ್ತನೆಯ ಸೆಕೆಂಡಿಗೆ ಬಂದು ಮುಟ್ಟಿದ ಕೂಡಲೇ ಮತ್ತೆ ಮೊದಲಿನಿಂದ. ಜನ ಆಟವನ್ನು ಹಾಗೇ ಬಿಟ್ಟು ಗಡ್ಡ ಹೆರೆದರು, ಪರೀಕ್ಷೆಗೆ ಓದಿದರು, ಮಕ್ಕಳಿಗೆ ಉಣಿಸಿದರು. ಮೂವತ್ತು ವರ್ಷಗಳಲ್ಲಿ ಒಂದು ಇಡೀ ಪೀಳಿಗೆ ಆ ಲಯದಲ್ಲೇ ಅಗಿಯುವುದನ್ನು ಕಲಿಯಿತು. ೨೦೬೮ರ ಹೊತ್ತಿಗೆ ಊರಿನ ಹಲ್ಲಿನ ವೈದ್ಯರು ರೋಗಿಯ ದವಡೆ ನೋಡಿಯೇ ಅವನು ಆ ಆಟ ಆಡಿದವನೋ ಅಲ್ಲವೋ ಹೇಳಿಬಿಡುತ್ತಿದ್ದರು.

ಡಾ. ಮುಕ್ತಾ ಹೊಂಬಳ ಕೈಹಾಕಿದ್ದು ಇಂಥ ಸಂಗೀತಕ್ಕೆ. ದೃಶ್ಯದ ಬೆನ್ನಿಗೆ ಅಂಟಿಕೊಂಡು ಬದುಕುವ ಸಂಗೀತ ಒಂದು ದಿನ ತಾನೇ ಎದ್ದು ವೇದಿಕೆಗೆ ಬಂದು ಕಚೇರಿಯಾಗುವುದು ಹೇಗೆ ಎಂಬುದು ಅವಳ ಪ್ರಶ್ನೆ. ಹನ್ನೊಂದು ವರ್ಷ, ಇನ್ನೂರ ಎಂಬತ್ತು ಸಿನಿಮಾ, ನೂರ ಮೂವತ್ತೆರಡು ಗೇಮು. ಕೇಳಿ ಕೇಳಿ ಅವಳ ಎಡಗಿವಿ ಬಲಗಿವಿಗಿಂತ ಅರ್ಧ ತೊಲ ಭಾರವಾಗಿತ್ತು.

ಅವಳು ಕಂಡುಕೊಂಡದ್ದು ಇಷ್ಟು. ಸಿನಿಮಾದ ಹಿನ್ನೆಲೆ ಸಂಗೀತದ ನಡುವೆ ಮಾತಿಗೆಂದು ಒಂದು ಜಾಗ ಬಿಟ್ಟಿರುತ್ತಾರೆ. ಚಿತ್ರ ತೆಗೆದು ಬರೀ ಸಂಗೀತ ನುಡಿಸಿದರೆ ಆ ಜಾಗ ಬಿದ್ದ ಹಲ್ಲಿನ ಹಾಗೆ ಕಾಣುತ್ತದೆ. ಅದಕ್ಕೆ ಪಿಟೀಲೋ ಕ್ಲಾರಿಯೊನೆಟ್ಟೋ ತುಂಬಿ ವೇದಿಕೆಗೆ ತರುತ್ತಾರೆ, ಅದು ಅಷ್ಟು ಕಷ್ಟವಲ್ಲ. ಗೇಮಿನ ತೊಂದರೆ ಬೇರೆ. ಆಡುವವನು ಯಾವಾಗ ಮುಂದಿನ ಹೆಜ್ಜೆ ಇಡುತ್ತಾನೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಆ ಸಂಗೀತ ಎಲ್ಲಿಂದ ಬೇಕಾದರೂ ತಿರುಗಲು ಸಿದ್ಧವಾಗಿರುತ್ತದೆ, ಕೊನೆ ಮಾತ್ರ ಇರುವುದಿಲ್ಲ. ಕಚೇರಿಗೆ ತರುವವರು ಒಂದು ಕೊನೆಯನ್ನು ಹೊಲಿದು ಹಚ್ಚುತ್ತಾರೆ. ತುತ್ತೂರಿ ಕೂಗುತ್ತದೆ, ನಗಾರಿ ಗುಡುಗುತ್ತದೆ, ಸದ್ಯ ಮುಗಿಯಿತಲ್ಲ ಎಂದು ಜನ ಚಪ್ಪಾಳೆ ತಟ್ಟುತ್ತಾರೆ. ಹೊಲಿಗೆ ಮಾತ್ರ ಎದ್ದು ಕಾಣುತ್ತದೆ.

ಹಾಗಾದರೆ ಕೊನೆಯನ್ನು ಕೇಳುಗರೇ ಆರಿಸಿದರೆ? ಅದೂ ತಮಗೇ ಗೊತ್ತಿಲ್ಲದ ಹಾಗೆ?

ಆಟದಲ್ಲಿ ಸಂಗೀತ ಒಬ್ಬ ಆಟಗಾರನ ಹಿಂದೆ ನಡೆಯುತ್ತದೆ. ಸಭಾಂಗಣದಲ್ಲಿ ಅದು ಆರುನೂರು ಜನರ ಹಿಂದೆ ನಡೆಯಲಿ ಎಂದಳು ಮುಕ್ತಾ. ಹಾಡು ಕೇಳುವಾಗ ನಮ್ಮ ತಲೆ ಸ್ವರಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ನಿಂತಿರುತ್ತದೆ, ಮುಂದಿನದು ಇದೇ ಇರಬೇಕು ಎಂದು. ಆ ಕಾಯುವಿಕೆಗೆ ಮಿದುಳಿನಲ್ಲಿ ಸಣ್ಣ ವಿದ್ಯುತ್ತಿನ ಅಲೆ ಏಳುತ್ತದೆ. ಇನ್ನು ಸಾಕು, ಮುಗಿಯಿತು ಎನ್ನಿಸಿದಾಗ ಮಲಗುತ್ತದೆ. ಇದನ್ನು ಕುತ್ತಿಗೆಯ ಹಿಂದಿನಿಂದ ಓದಲು ತಾಮ್ರದ ಎಳೆ ನೇಯ್ದ ಒಂದು ಉಪಕರಣ ಮಾಡಿದಳು. ಕಾಗದಪತ್ರಗಳಲ್ಲಿ ಅದು 'ನಿರೀಕ್ಷಾಮಾಪಕ'. ಪ್ರಯೋಗಾಲಯದಲ್ಲಿ ಎಲ್ಲರೂ ದಿಂಬು ಎನ್ನುತ್ತಿದ್ದರು, ಯಾಕೆಂದರೆ ಅದು ದಿಂಬೇ ಆಗಿತ್ತು. ತುಂಬಿದವನು ತಂತ್ರಜ್ಞ ದಸ್ತಗೀರ ನದಾಫ. ಅವನ ಮನೆತನ ಏಳು ತಲೆಮಾರಿನಿಂದ ಗಾದಿ ತುಂಬುವವರದು. ಅವನ ಮುತ್ತಜ್ಜ ತುಂಬಿದ ಗಾದಿಯ ಮೇಲೆ ಮಲಗಿದವರು ಮೂರು ದಿನ ಏಳುತ್ತಿರಲಿಲ್ಲವಂತೆ, ಎರಡು ಮದುವೆ ಹಾಗೇ ಮುಂದಕ್ಕೆ ಹೋಗಿದ್ದವಂತೆ.

ವಾದ್ಯಗಾರರ ಮುಂದೆ ಕಾಗದದ ಬದಲು ಕಂಪ್ಯೂಟರಿನ ತೆರೆ. ದಿಂಬುಗಳು ಹೇಳಿದಂತೆ ಅದರಲ್ಲಿ ಹಾಳೆ ತೆರೆದುಕೊಳ್ಳುತ್ತದೆ: ಮತ್ತೊಂದು ಸುತ್ತು, ಈ ಸಲ ಪಿಟೀಲು ಮೇಲೆ, ಮುಂದಿನ ಸಲ ಡೋಲು ಕೆಳಗೆ. ಆರುನೂರು ದಿಂಬುಗಳಲ್ಲೂ ಅಲೆ ಮಲಗಿದಾಗ ಮುಕ್ತಾ ಬರೆದಿಟ್ಟ ಕೊನೆಹಾಳೆ ತೆರೆಯುತ್ತದೆ.

"ಆರುನೂರೂ ಯಾಕ್ರಿ ಮೇಡಂ?" ಎಂದು ದಸ್ತಗೀರ ಮೊದಲೇ ಕೇಳಿದ್ದ. "ಐನೂರ ತೊಂಬತ್ತು ಸಾಕಾಗಂಗಿಲ್ಲೇನ್ರಿ?"

"ಇದೇನು ಇಲೆಕ್ಷನ್ ಏನೋ? ಮುಗೀತು ಅಂದ್ರ ಎಲ್ಲಾರಿಗೂ ಮುಗೀಬೇಕು. ಒಬ್ಬಾಂವನ್ನ ನಡುವ ಬಿಟ್ಟು ಹೋದ್ರ ಅದೂ ಹೊಲಿದ ಕೊನೀನ."

ನಾದಮಂಟಪ ಸಿಗುವುದು ಮಾತ್ರ ಸುಲಭವಿರಲಿಲ್ಲ. ಉಣಕಲ್ಲ ಕೆರೆಯ ದಂಡೆಯ ಆ ಸಭಾಂಗಣವನ್ನು ವಾಮನರಾಯರು ಎಷ್ಟು ಶುದ್ಧವಾಗಿ ಇಟ್ಟಿದ್ದರೆಂದರೆ ಒಳಗೆ ಯಾರಾದರೂ ಸಿನಿಮಾ ಹಾಡು ಗುನುಗಿದರೆ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದರು. ವೇದಿಕೆಗೆ ಪರದೆಯನ್ನೂ ಹಾಕಿಸಿರಲಿಲ್ಲ.

"ನಾಟಕಕ್ಕ ಬೇಕು ಪರದೆ," ಎಂದರು ರಾಯರು. "ಸಂಗೀತಕ್ಕ ಮುಚ್ಚೋದು ತೆರೆಯೋದು ಏನದ? ಮತ್ತ ಮುಕ್ತಾ, ಹಿನ್ನೆಲೆ ಅಂತ ಹೆಸರಿಟ್ಟದ್ದು ಯಾಕ? ಹಿಂದ ಇರ್ಲಿ ಅಂತ. ಒಂದೇ ಸಲ ಕೊಡ್ತೀನಿ ನೋಡವಾ. ಒಂದು ರವಿವಾರ, ಮುಂಜಾನೆ ಹತ್ತೂವರೆ. ಸರಿಯಾಗಿ ಮುಗದ್ರ ಬಾಗಿಲು ತೆರದಿರ್ತದ. ಇಲ್ಲಾ ಅಂದ್ರ ಸಿನಿಮಾ, ಗೇಮು ಇನ್ನೆಂದೂ ಈ ಹೊಸ್ತಿಲಾ ದಾಟಂಗಿಲ್ಲ. ನಾ ಇರೂತನಕ ದಾಟಂಗಿಲ್ಲ, ನಾ ಸತ್ತ ಮ್ಯಾಲೂ ದಾಟಂಗಿಲ್ಲ. ಬರದಿಟ್ಟು ಸಾಯ್ತೀನಿ."

ಮುಕ್ತಾ ಒಪ್ಪಿ ಸಹಿ ಹಾಕಿದಳು. ಹನ್ನೊಂದು ವರ್ಷದ ಕೆಲಸ ಒಂದು ರವಿವಾರದ ಮೇಲೆ ಹೋಗಿ ಕೂತಿತು.

ಮನೆಯಲ್ಲಿ ಅವಳ ಚಿಕ್ಕಮ್ಮ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ನೀಲವ್ವ ಹುಬ್ಬಳ್ಳಿಯ ಕೊನೆಯ ಕಂಡಕ್ಟರ್. ಅವಳು ನಿವೃತ್ತಳಾದ ಮರುದಿನವೇ ಬಸ್ಸುಗಳು ತಾವಾಗಿ ಓಡಾಡಲು ಕಲಿತವು. ಅಲ್ಲಿಯವರೆಗೆ ಅವುಗಳಿಗೆ ಧೈರ್ಯ ಬಂದಿರಲಿಲ್ಲ. ಅವಳ ಸೀಟಿ ಮಾತ್ರ ಸೆರಗಿನ ಪಿನ್ನಿಗೆ ಇನ್ನೂ ನೇತಾಡುತ್ತಿತ್ತು. ಅದನ್ನು ಊದಿದರೆ ಕುಂದಗೋಳದ ತನಕ ಎತ್ತುಗಳು ನಿಂತು ತಿರುಗಿ ನೋಡುತ್ತಿದ್ದವು.

"ಚಿಗವ್ವ, ಸುಮ್ನ ಈ ದಿಂಬಾ ಕುತಿಗಿಗೆ ಕಟಗೊಂಡು ರೊಟ್ಟಿ ಬಡಿ. ರಾಗ ಹಚ್ತೀನಿ, ಎಲ್ಲಿ ಮುಗೀತೈತಿ ನೋಡೂಣು."

"ಅದು ಎಲ್ಲಿ ಮುಗೀತೈತಿ? ಮೂವತ್ತು ವರ್ಷಾತು, ನನ್ನ ಅಡಗಿಮನ್ಯಾಗ ಅದು ಒಂದಿನಾನೂ ತಾನಾಗಿ ಮುಗದಿಲ್ಲ," ಎಂದಳು ನೀಲವ್ವ ಹಂಚಿನ ಮೇಲೆ ರೊಟ್ಟಿ ಹಾಕುತ್ತ. "ಕುಕ್ಕರ್ ಕೂಗಬೇಕು, ಇಲ್ಲಾ ಬಾಗಲಾ ಬಡೀಬೇಕು. ಕಾಯೂ ಕೆಲಸ ಯಾರರೆ ಬಂದು ಮುಗಸಬೇಕವಾ. ತಾನ ಮುಗದ್ರ ಅದು ಕಾಯೂದು ಹೆಂಗಾತು?"

ದಿಂಬಿನ ಅಲೆ ತೋರಿಸುವ ಗೆರೆ ಮೂವತ್ತೆಂಟು ರೊಟ್ಟಿಗಳವರೆಗೆ ಎದ್ದೇ ನಿಂತಿತ್ತು. ಕೊನೆಯ ರೊಟ್ಟಿ ಬುಟ್ಟಿಗೆ ಬಿದ್ದಾಗ ನೀಲವ್ವ ಅಭ್ಯಾಸದಂತೆ ಸೀಟಿ ಊದಿದಳು. ಊಟಕ್ಕೆ ಬನ್ನಿ ಎನ್ನುವುದಕ್ಕೆ ಆ ಮನೆಯಲ್ಲಿ ಅದೇ ಕರೆ. ಗೆರೆ ತಟ್ಟನೆ ಮಲಗಿತು. ಮುಕ್ತಾ ನೋಡಿದಳು, ವಹಿಯಲ್ಲಿ 'ಹೊರಗಿನ ಸದ್ದು, ಪರಿಗಣಿಸಬಾರದು' ಎಂದು ಬರೆದಳು, ಎದ್ದು ಉಣ್ಣಲು ಹೋದಳು.

ಫಕೀರಪ್ಪ ಮಾಸ್ತರಿಗೆ ಎಪ್ಪತ್ತೊಂಬತ್ತು ವರ್ಷ. ಕಚೇರಿಗೆ ಬರಬೇಕೆಂದು ಕರೆಯಲು ಹೋದಾಗ ಅವರು ಕೇಳಿದ್ದು ಒಂದೇ ಮಾತು. "ಅದಕ್ಕ ಕೊನಿ ಕೂಡಸೀಯೇನವಾ? ಹಂಗಾರ ಬರ್ತೀನಿ. ನಾ ಅದರ ಕೊನಿ ಕೇಳಿಲ್ಲ."

ಮಂಟಪದಲ್ಲಿ ಇದ್ದದ್ದು ಐನೂರ ತೊಂಬತ್ತೊಂಬತ್ತು ಕುರ್ಚಿ. ಮಾಸ್ತರಿಗೆಂದು ಮುಂದಿನ ಸಾಲಿನಲ್ಲಿ ಇನ್ನೊಂದು ಕುರ್ಚಿ ಹಾಕಿಸಿದರು. ದಸ್ತಗೀರ ಆರುನೂರನೆಯ ದಿಂಬನ್ನು ಬೇರೆಯಾಗಿ, ಒಳ್ಳೆಯ ಹತ್ತಿ ನೋಡಿ ತುಂಬಿದ. ಉಳಿದವರನ್ನೆಲ್ಲ ತಿಂಗಳ ಮೊದಲೇ ಕರೆದು ಅವರವರ ದಿಂಬನ್ನು ಅಳತೆಗೆ ಹಚ್ಚಿದ್ದರು. ಮಾಸ್ತರನ್ನು ಮಾತ್ರ ಕರೆಯಲಿಲ್ಲ. ರಾಗ ಕಟ್ಟಿದವರಿಗೇ ಪರೀಕ್ಷೆ ಇಡುವುದು ಮರ್ಯಾದೆಯಲ್ಲ ಎಂದಳು ಮುಕ್ತಾ.

ರವಿವಾರ ಹತ್ತೂವರೆಗೆ ಮೂವತ್ನಾಲ್ಕು ವಾದ್ಯಗಾರರು ಶುರುಮಾಡಿದರು. ಮೇಲಿನ ಗಾಜಿನ ಕೋಣೆಯಲ್ಲಿ ಮುಕ್ತಾ, ದಸ್ತಗೀರ, ಮುಂದೆ ಒಂದು ದೊಡ್ಡ ತೆರೆ. ತೆರೆಯ ಮೇಲೆ ಇನ್ನೂ ಕಾಯುತ್ತಿರುವ ದಿಂಬುಗಳ ಸಂಖ್ಯೆ: ಆರುನೂರು.

ಹದಿನೆಂಟು ನಿಮಿಷದ ಅಂದಾಜು. ಸಂಗೀತ ಎಷ್ಟು ಚೆನ್ನಾಗಿ ಏರಿತೆಂದರೆ ಉಣಕಲ್ಲ ಕೆರೆಯ ಮೀನುಗಳು ದಂಡೆಗೆ ಬಂದು ಸಾಲಾಗಿ ನಿಂತವು. ಹತ್ತನೆಯ ನಿಮಿಷಕ್ಕೆ ಸಂಖ್ಯೆ ನಾನೂರ ಹನ್ನೆರಡು. ಹದಿನಾಲ್ಕಕ್ಕೆ ಅರವತ್ತೊಂದು. ಹದಿನೇಳಕ್ಕೆ ಒಂಬತ್ತು. ಆಮೇಲೆ ಎರಡು.

ಆಮೇಲೆ ಒಂದು.

ಒಂದು ಒಂದಾಗಿಯೇ ಉಳಿಯಿತು. ಹನ್ನೊಂದು ಗಂಟೆಗೆ ಒಂದು, ಹನ್ನೆರಡಕ್ಕೂ ಒಂದು, ಒಂದಕ್ಕೂ ಒಂದು. ವಾದ್ಯಗಾರರ ತೆರೆಯಲ್ಲಿ ಹಾಳೆ ತಿರುಗುತ್ತಲೇ ಇತ್ತು, ಮತ್ತೊಂದು ಸುತ್ತು, ಮತ್ತೊಂದು ಸುತ್ತು. ತುತ್ತೂರಿಯವನ ತುಟಿ ಉಬ್ಬಿ ಉದ್ದಿನ ವಡೆಯಾಯಿತು. ಮೂರನೆಯ ಸಾಲಿನಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಅಕ್ಕಪಕ್ಕ ಕೂತಿದ್ದು, ಪಿಸುಮಾತಿನಲ್ಲೇ ಮಾತುಕತೆ ಮುಗಿದು ತಾರೀಖೂ ಗೊತ್ತಾಯಿತು. ಹೊರಗೆ ಆರುನೂರು ಜನರ ಊಟ ತಣ್ಣಗಾಗುತ್ತಿತ್ತು.

"ಅಧ್ಯಕ್ಷರ ಕೆಲಸಾ ಇರಬೇಕ್ರಿ ಇದು," ಎಂದ ದಸ್ತಗೀರ. "ಬೇಕಂತ ಕಾಯಾಕತ್ತಾರ, ಮುಗೀಬಾರದು ಅಂತ."

ವಾಮನರಾಯರ ಗೆರೆ ತೆಗೆದು ನೋಡಿದರು. ಹನ್ನೊಂದನೆಯ ನಿಮಿಷದಿಂದ ಸಪಾಟಾಗಿ ಮಲಗಿತ್ತು. ಕ್ಯಾಮೆರಾ ತಿರುಗಿಸಿದರು. ರಾಯರೂ ಮಲಗಿದ್ದರು, ಬಾಯಿ ತೆರೆದು.

"ಯಾ ಅಲ್ಲಾ! ಹಂಗಾರ ಇಂವ ಯಾರು?" ದಸ್ತಗೀರ ಗುಂಡಿ ಒತ್ತಿದ. "ಆರುನೂರು. ಮೇಡಂ, ನಮ್ಮ ಮಾಸ್ತರು!"

ಮುಕ್ತಾ ಆ ಗೆರೆಯನ್ನು ಹಿಗ್ಗಿಸಿ ನೋಡಿದಳು. ಆಮೇಲೆ ದಸ್ತಗೀರ ದನಿ ಇಳಿಸಿ ಹೇಳಿದ, "ಒಂದು ಅಂಕಿ ಬದಲಿ ಮಾಡೂದ್ರಿ. ಆರುನೂರಿನ ಜಾಗಾದಾಗ ಐನೂರ ತೊಂಬತ್ತೊಂಬತ್ತು. ಯಾರಿಗೂ ಗೊತ್ತಾಗಂಗಿಲ್ಲ. ಅಧ್ಯಕ್ಷರು ಏಳೂದ್ರಾಗ ಮುಗದಿರ್ತೈತಿ."

ಮುಕ್ತಾಳ ಬೆರಳು ಆ ಅಂಕಿಯ ಮೇಲೆ ಹೋಯಿತು. ರಾಯರು ಎಚ್ಚರಾಗಿ ಗಡಿಯಾರ ನೋಡಿದರೆ ಸಿನಿಮಾಕ್ಕೂ ಗೇಮಿಗೂ ಈ ಬಾಗಿಲು ಮುಚ್ಚಿದಂತೆಯೇ. ಬೆರಳು ಅಲ್ಲಿ ಒಂದು ಇಡೀ ಸುತ್ತು, ನಲವತ್ತು ಸೆಕೆಂಡು, ನಿಂತಿತು. ಮತ್ತೆ ಹಿಂದಕ್ಕೆ ಬಂತು.

"ಮಾಡಂಗಿಲ್ಲ."

"ಹಂಗಾರ ಮಾಸ್ತರನ್ನ ಚಾ ಕುಡಿಯಾಕಂತ ಹೊರಗ ಕಳಸೂಣು. ಎದ್ರ ದಿಂಬು ತಾನಾಗಿ ಮಲಗ್ತೈತಿ."

"ಮನೀ ಕಟ್ಟಿದಾಂವನ್ನ ಗೃಹಪ್ರವೇಶದ ದಿನಾ ಹೊರಗ ಕುಂಡ್ರಸೂದೇನೋ ದಸ್ತಗೀರ? ಕೊನಿ ಕೇಳಾಕ ಬಂದಾರ ಅವ್ರು." ಮುಕ್ತಾ ತೆರೆಯ ಹತ್ತಿರ ಬಗ್ಗಿದಳು. "ಕ್ಯಾಮೆರಾ ಕೆಳಗ ಇಳಸು. ಅವರ ಕಾಲು ನೋಡು."

ಮಾಸ್ತರು ಚಪ್ಪಲಿ ಬಿಟ್ಟಿದ್ದರು. ಎರಡೂ ಪಾದ ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು.

"ತಾಳಾ ಹಾಕಾಕತ್ತಾರ," ಎಂದ ದಸ್ತಗೀರ.

"ತಾಳ ಅಲ್ಲ. ತಾಳಕ್ಕ ಕೂಡವಲ್ತು. ಏನೋ ತುಳಿಯಾಕತ್ತಾರ."

ಮುಕ್ತಾ ಮೆಟ್ಟಿಲಿಳಿದು, ಬಗ್ಗಿಕೊಂಡೇ ಮುಂದಿನ ಸಾಲಿಗೆ ಬಂದು ಮಾಸ್ತರ ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಆಚೆ ಕುರ್ಚಿಯಲ್ಲಿ ನೀಲವ್ವ ಹಸಿವಿಗೆ ಮುಖ ಸಣ್ಣದು ಮಾಡಿಕೊಂಡಿದ್ದಳು.

"ಮಾಸ್ತರ, ಇನ್ನೂ ಏನ್ ಕಾಯಾಕತ್ತೀರಿ?"

"ನಾ ಎಲ್ಲಿ ಕಾಯಾಕತ್ತೀನವಾ?" ಮಾಸ್ತರು ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ. "ನಾ ಬಾರಸಾಕತ್ತೀನಿ."

"ಏನನ್ನ?"

"ಕಾಲಪೇಟಿ, ತುಳಿಯೂ ಹಾರ್ಮೋನಿಯಂ. ನಾಟಕ ಕಂಪನ್ಯಾಗ ಇಪ್ಪತ್ತೆರಡು ವರ್ಷ ತುಳದೀನಿ. ಕಾಲಾಗ ಗಾಳಿ, ಕೈಯಾಗ ಸುರ. ರಾಜನ ಪಾರ್ಟಿನಾಂವ ಮೀಸಿ ಹಚ್ಚೂದು ತಡಾ ಮಾಡಿದ್ರ ಇದನ್ನ ಹಿಡದು ತಿರುಗಸ್ತಿದ್ದೆ. ಒಂದಿನಾ ಆಂವನ ಮೀಸಿ ಇಲಿ ತಿಂದಿತ್ತು. ಹೊಸಾ ಮೀಸಿ ಕಟ್ಟೂತನಕ ತಿರುಗಿಸೀನಿ, ಮಂದಿಗೆ ಗೊತ್ತ ಆಗಿಲ್ಲ."

"ಈ ರಾಗಾನ?"

"ಮತ್ತ! ಗೇಮಿನವರು ಬಂದು ಕಾಯೂ ಸಂಗೀತ ಬೇಕಂದ್ರು. ನನಗ ಅದೊಂದ ಗೊತ್ತಿತ್ತು."

"ಈಗ ಮುಗಸ್ರಲಾ ಮಾಸ್ತರ. ನಿಮ್ಮ ಸಲುವಾಗಿ ಎಲ್ಲಾರೂ ನಿಂತಾರ."

ಮಾಸ್ತರು ಈಗ ತಿರುಗಿ ನೋಡಿದರು. ಮುಖದಲ್ಲಿ ನಿಜವಾದ ಅಂಜಿಕೆ. "ನನ್ನ ಕೈಯಾಗ ಏನೈತವಾ? ಸೀಟಿ ಆಗಬೇಕು, ಪರದೆ ಬೀಳಬೇಕು. ಅಲ್ಲೀತನಕ ಪೇಟಿ ನಿಂದರಬಾರದು. ನಿಂತ್ರ ಒಳಗಿನ ಬಡದಾಟ ಎಲ್ಲಾ ಹೊರಗ ಕೇಳಸ್ತೈತಿ. ನಾನೂ ಆಗಿಂದ ನೋಡಾಕತ್ತೀನಿ, ಪರದೇದಾಂವ ಎಲ್ಲಿ ಹೋದ?"

ಕೇಳುಗನ ದಿಂಬಿಗೆ ಬಾರಿಸುವವನನ್ನು ಒರಗಿಸಿದ್ದರು. ಮುಕ್ತಾಳಿಗೆ ತನ್ನ ವಹಿ ನೆನಪಾಯಿತು: ಮೂವತ್ತೆಂಟು ರೊಟ್ಟಿ, ಒಂದು ಸೀಟಿ, 'ಹೊರಗಿನ ಸದ್ದು'. ವೇದಿಕೆಯ ಕಡೆ ನೋಡಿದಳು. ಶುದ್ಧವಾದ, ಬೋಳಾದ, ಪರದೆಯಿಲ್ಲದ ವೇದಿಕೆ.

ನಾದಮಂಟಪದ ಪಡಸಾಲೆಯಲ್ಲಿ ಅತಿಥಿಗಳಿಗೆಂದು ನವಲಗುಂದದ ಒಂದು ಜಮಖಾನೆ ಹಾಸಿತ್ತು. ಕೆಂಪು ನೆಲದ ಮೇಲೆ ನವಿಲುಗಳು. ಉದ್ದ ನಲವತ್ತು ಅಡಿ. ಅದನ್ನು ನೇಯುವಾಗ ಒಂದು ತುದಿಯಲ್ಲಿ ಮಳೆ, ಇನ್ನೊಂದು ತುದಿಯಲ್ಲಿ ಬಿಸಿಲು ಇತ್ತೆಂದು ಪ್ರತೀತಿ. ದಸ್ತಗೀರನೂ ನಾಲ್ಕು ಜನ ಸಿಪಾಯಿಗಳೂ ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು ತಂದರು. ವೇದಿಕೆಯ ಮೇಲಿನ ದೀಪದ ಕೊಳವೆಯನ್ನು ಮೋಟಾರಿನಿಂದ ಕೆಳಗಿಳಿಸಿ, ವಾದ್ಯಗಾರರ ತಲೆಯ ಮೇಲೆಯೇ ಜಮಖಾನೆಯ ಅಂಚು ಕಟ್ಟಿದರು. ಪೂರಾ ಸುರುಳಿ ಸುತ್ತಿ, ಎರಡು ಹಗ್ಗ ಬಿಗಿದು, ಕೊಳವೆ ಮೇಲೆತ್ತಿದರು. ಗಾದಿಯ ಮನೆತನದವನ ಗಂಟು. ಎಳೆದರೆ ಬಿಚ್ಚಬೇಕು, ಎಳೆಯದೆ ಭೂಕಂಪವಾದರೂ ಬಿಚ್ಚಬಾರದು. ಹಗ್ಗದ ತುದಿಗಳನ್ನು ಸಿಪಾಯಿಗಳ ಕೈಗೆ ಕೊಟ್ಟು ದಸ್ತಗೀರ ಗಾಜಿನ ಕೋಣೆಗೆ ಮರಳಿದ. ಇಷ್ಟಾಗಲು ಹದಿನೈದು ನಿಮಿಷ. ಅಷ್ಟು ಹೊತ್ತೂ ರಾಗ ತಿರುಗುತ್ತಲೇ ಇತ್ತು, ಇನ್ನೂರ ಎಪ್ಪತ್ತನೆಯ ಸುತ್ತು.

ಮುಕ್ತಾ ಚಿಗವ್ವನ ಕಿವಿಯಲ್ಲಿ ಏನೋ ಹೇಳಿದಳು.

"ಇಲ್ಲೇ? ಇಷ್ಟು ಮಂದ್ಯಾಗ? ಅಧ್ಯಕ್ಷರು ಮಲಗ್ಯಾರ ಅಲ್ಲವಾ," ಎಂದಳು ನೀಲವ್ವ, ಮತ್ತು ಹಾಗೆನ್ನುತ್ತಲೇ ಪಿನ್ನು ಬಿಚ್ಚಿದಳು.

ಸೀಟಿ ಊದಿದಳು.

ಸಿಪಾಯಿಗಳು ಹಗ್ಗ ಎಳೆದರು, ಗಂಟು ಬಿಚ್ಚಿತು. ನವಿಲುಗಳು ಧಡಲ್ಲನೆ ಇಳಿದವು. ಮೂವತ್ತು ವರ್ಷದ ಅತಿಥಿಗಳ ಕಾಲಿನ ಧೂಳು ಮೊದಲ ಎರಡು ಸಾಲಿನ ಮೇಲೆ ಮೋಡದಂತೆ ಕೂತಿತು. ಜಮಖಾನೆಯ ಹಿಂದೆ ಮೂವತ್ನಾಲ್ಕು ವಾದ್ಯಗಳು ಇಪ್ಪತ್ತೇಳನೆಯ ಸೆಕೆಂಡಿನಲ್ಲಿ, ನಡು ಸ್ವರದಲ್ಲಿ, ನಿಂತುಬಿಟ್ಟವು. ನುಡಿಸುತ್ತಿದ್ದವರೆಲ್ಲ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು, ನೀಲವ್ವನ ಸೀಟಿಗೆ ನಿಂತು ಬಸ್ಸಿಳಿದವರು.

ಮಾಸ್ತರ ಎಡಗಾಲು ನಿಂತಿತು. ಬಲಗಾಲು ಇನ್ನೊಮ್ಮೆ ಒತ್ತಿ, ಉಳಿದ ಗಾಳಿ ಬಿಟ್ಟು, ತಾನೂ ನಿಂತಿತು. ಅವರು ಹಿಂದಕ್ಕೆ ಒರಗಿ ದೊಡ್ಡ ಉಸಿರು ಬಿಟ್ಟರು. ಐವತ್ತು ವರ್ಷದ ಮೇಲೆ ಅವರ ಬೆನ್ನು ಒಂದು ಕುರ್ಚಿಯನ್ನು ಪೂರಾ ಮುಟ್ಟಿದ್ದು ಆಗಲೇ.

ಗಾಜಿನ ಕೋಣೆಯ ತೆರೆಯ ಮೇಲೆ ಸಂಖ್ಯೆ ಸೊನ್ನೆಯಾಯಿತು. ವಾದ್ಯಗಾರರ ಮುಂದೆ ಮುಕ್ತಾಳ ಕೊನೆಹಾಳೆ ತೆರೆದುಕೊಂಡಿತು, ಹನ್ನೊಂದು ವರ್ಷ ತಿದ್ದಿದ್ದು, ತುತ್ತೂರಿ ನಗಾರಿ ಸಮೇತ. ಯಾರೂ ಅದರ ಕಡೆ ನೋಡಲಿಲ್ಲ. ಅವರು ವಾದ್ಯ ಕೆಳಗಿಟ್ಟು ಬೆರಳು ತಿಕ್ಕಿಕೊಳ್ಳುತ್ತಿದ್ದರು. ಕೇಳುಗರಲ್ಲಿ ಒಬ್ಬರಿಗೂ ಇನ್ನೂ ಏನೋ ಬರಬೇಕಿತ್ತು ಎನ್ನಿಸಲಿಲ್ಲ.

ಆಗ ಆದ ಮೌನ ಎಷ್ಟು ದಪ್ಪವಾಗಿತ್ತೆಂದರೆ ಅದರ ಭಾರಕ್ಕೆ ವಾಮನರಾಯರಿಗೆ ಎಚ್ಚರವಾಯಿತು.

ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಮುಖ ಒರೆಸಿಕೊಂಡರು.

"ಯಾಕ್ರಿ ನಿಲ್ಲಿಸಿದ್ರಿ?" ಎಂದರು.

ತೆರೆಯ ಮೇಲೆ ಸೊನ್ನೆ ಒಂದಾಯಿತು. ಮೂರು ತಾಸು ಮಲಗಿದ್ದ ಒಂದು ಗೆರೆ ಎದ್ದು ನಿಂತಿತ್ತು, ಆ ಬೆಳಗ್ಗೆ ಆರುನೂರು ದಿಂಬುಗಳಲ್ಲಿ ಯಾವುದೂ ಮುಟ್ಟದ ಎತ್ತರಕ್ಕೆ. ದಸ್ತಗೀರ ಮೇಲಿನಿಂದ ಮೈಕಿನಲ್ಲೇ ಹೇಳಿಬಿಟ್ಟ, "ಅಧ್ಯಕ್ಷರಿಗೆ ಇನ್ನೂ ಬೇಕಂತ್ರೀ!"

ಆರುನೂರು ಜನ ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆಮೇಲೆ ಊಟಕ್ಕೆ ಓಡಿದರು. ಮೂರನ್ನೂ ಅವರು ಸುಮಾರು ಒಟ್ಟಿಗೇ ಮಾಡಿದರು.

ರಾಯರು ಮಾತಿಗೆ ತಪ್ಪುವವರಲ್ಲ. ಬಾಗಿಲು ತೆರೆದೇ ಉಳಿಯಿತು. ಮರು ತಿಂಗಳು ವೇದಿಕೆಗೆ ಒಂದು ಪರದೆಯನ್ನೂ ಹಾಕಿಸಿದರು, ಬಣ್ಣ ತಾವೇ ಆರಿಸಿದರು, ಮತ್ತು ಪರದೆಯಿಲ್ಲದ ಸಂಗೀತ ಸಂಗೀತವೇ ಅಲ್ಲ ಎಂದು ಎರಡು ಕಡೆ ಭಾಷಣ ಮಾಡಿದರು. ಮುಕ್ತಾಳ ವರದಿ ಒಂಬೈನೂರು ಪುಟವಾಯಿತು. ಕೊನೆಹಾಳೆಯನ್ನು ಅದರ ಹಿಂದೆ ಅಂಟಿಸಿ ಕೆಳಗೆ ಬರೆದಿದ್ದಳು: 'ನುಡಿಸಿಲ್ಲ. ಬೇಕಾಗಲಿಲ್ಲ.'

ಕಚೇರಿ ನಡೆದ ಆ ರವಿವಾರ ಸಂಜೆ ಮಾಸ್ತರು ಮುಕ್ತಾಳ ಮನೆಗೇ ಬಂದಿದ್ದರು. ನೀಲವ್ವ ರೊಟ್ಟಿಗೆ ಕೂತಿದ್ದಳು. ಮೂಲೆಯಲ್ಲಿ ಆಟ ಹಚ್ಚಿಟ್ಟಿತ್ತು. ಕಾವಲುಗಾರ ಗೋಡೆಯ ಮೇಲೆ ನಿಂತಿದ್ದ, ರಾಗ ತಿರುಗುತ್ತಿತ್ತು. ಮಾಸ್ತರ ಕಾಲು ನೆಲದ ಮೇಲೆ ಸುಮ್ಮನೆ ಇದ್ದವು. ಶೇಂಗಾ ಚಟ್ನಿ ನೆಕ್ಕುತ್ತ ಅವರು ಮೊದಲ ಸಲ ಕೇಳುವವರಂತೆ ಕೇಳುತ್ತಿದ್ದರು.

"ಪಸಂದ ಐತೆಲ್ಲವಾ ಇದು," ಎಂದರು. "ಯಾರು ಕಟ್ಯಾರ?"

ಕೊನೆಯ ರೊಟ್ಟಿ ಬುಟ್ಟಿಗೆ ಬಿತ್ತು. ನೀಲವ್ವ ಹಿಟ್ಟಿನ ಕೈಯಿಂದಲೇ ಸೀಟಿ ಬಿಚ್ಚಿ ಮುಕ್ತಾಳ ಮುಂದೆ ಹಿಡಿದಳು. "ಹಿಡಿ. ಇವತ್ತು ನೀ ಊದು."

ಮುಕ್ತಾ ಸೀಟಿಯನ್ನು ತುಟಿಗಿಟ್ಟುಕೊಂಡಳು. ಇಪ್ಪತ್ತೇಳನೆಯ ಸೆಕೆಂಡು ಬಂತು, ಹೋಯಿತು.

"ತಡೀ ಚಿಗವ್ವ," ಎಂದಳು. "ಇನ್ನೊಂದು ಸುತ್ತು ಬರ್ಲಿ."